ದೊಡ್ಡವರನ್ನು ಎಲ್ಲಿಂದ ಕೇಳಬೇಕು

ಸೋಫಾ ರಿಪೇರಿ ಮಾಡುವ ಆ ಹೆಂಗಸಿಗೆ ಬೀದಿಯವರು ಸೂಜಿ ಎಂದು ಹೆಸರಿಟ್ಟಿದ್ದರು. ಕೈಯಲ್ಲಿ ಸದಾ ಇರುತ್ತಿದ್ದ ಬಾಗಿದ ಸೂಜಿಯನ್ನು ನೋಡಿ ಇಟ್ಟರೋ, ನಾಲಿಗೆಯ ರುಚಿ ನೋಡಿ ಇಟ್ಟರೋ ಗೊತ್ತಿಲ್ಲ. ಎರಡರಿಂದಲೂ ಚುಚ್ಚಿಸಿಕೊಂಡವರು ಬೀದಿ ತುಂಬ ಇದ್ದರು. ಒಂದು ಬೆಳಿಗ್ಗೆ ಅವಳು ಯಾರದೋ ಹಳೇ ಸೋಫಾವನ್ನು ಮಗುಚಿ ಹಾಕಿಕೊಂಡು, ತುಕ್ಕು ಹಿಡಿದ ಮೊಳೆಗಳನ್ನು ಕೀಳುತ್ತಾ ಕೂತಿದ್ದಾಗ ಫೋನು ಬಂತು.

“ನಾನು ಕಣಮ್ಮ, ಅಪ್ಪ.”

“ಯಾರ ಅಪ್ಪ?” ಎಂದಳು ಸೂಜಿ.

ಕೊಂಕು ಮಾತಲ್ಲ ಅದು. ಆ ದನಿ ಅವಳಿಗೆ ನಿಜವಾಗಿಯೂ ಮರೆತು ಹೋಗಿತ್ತು. ಗುರುತು ಸಿಕ್ಕಿದ ಮೇಲೆ ಕೊಂಕೂ ಬಂತೆನ್ನಿ. ಅತ್ತ ಕಡೆಯ ಮಹಾನುಭಾವನಿಗೆ ಬಾಡಿಗೆ ರೂಮಿನ ಮಾಲೀಕ ಖಾಲಿ ಮಾಡು ಎಂದಿದ್ದನಂತೆ. ಕಾಲು ಬೇರೆ ಊದಿಕೊಳ್ಳುತ್ತಿದೆಯಂತೆ. ಮಗಳ ಮನೆಯ ಹಿಂಭಾಗದಲ್ಲಿ ಒಂದು ಕೋಣೆ ಸುಮ್ಮನೆ ಬಿದ್ದಿದೆ ಎಂದು ಯಾರೋ ಕಿವಿಗೆ ಹಾಕಿದರಂತೆ. ಭಾನುವಾರ ಬರುತ್ತಾನಂತೆ, ಅಷ್ಟರೊಳಗೆ ಯೋಚನೆ ಮಾಡಿಟ್ಟಿರಬೇಕಂತೆ.

“ಬಂದು ಏನು ಹೇಳ್ತೀಯ? ಅಮ್ಮನಿಗೆ, ನನಗೆ, ಹೇಳೋಕೆ ಏನಾದ್ರೂ ಇದೆಯಾ?”

“ಹೇಳ್ಬೇಕಾದ್ದೆಲ್ಲ ನನ್ನ ಸಂಗೀತದಲ್ಲಿ ಹೇಳಿಬಿಟ್ಟಿದೀನಲ್ಲಮ್ಮ. ಒಂದನ್ನಾದ್ರೂ ಕೇಳಿದೀಯಾ?”

“ಇಲ್ಲ. ಎಲ್ಲಿಂದ ಶುರು ಮಾಡ್ಲಿ?”

“ಅದನ್ನ ಕಲಾವಿದ ಹೇಳಬಾರದು,” ಎಂದು ಅವನು ಗಂಭೀರವಾಗಿ ಫೋನಿಟ್ಟ. ಆಮೇಲೆ ಸೂಜಿ ಮೊಳೆ ಕಿತ್ತ ರಭಸಕ್ಕೆ ಸೋಫಾದ ಒಂದು ಕಾಲೇ ಕಳಚಿ ಬಂತು.

ಅವಳಪ್ಪ ಅಂತಿಂಥವನಲ್ಲ. ತೊಂಬತ್ತು ಚಿಲ್ಲರೆ ಆಲ್ಬಂ ಹೊರಗೆ ಬಿಟ್ಟ ಗಿಟಾರಿನವನು. ಅವನು ನುಡಿಸುವುದಕ್ಕೆ ಪ್ರೋಗ್ರೆಸಿವ್ ರಾಕ್ ಎಂದು ಹೆಸರು. ಮಾಮೂಲಿ ಹಾಡು ಬಂದು, ಕ್ಷೇಮ ಸಮಾಚಾರ ಕೇಳಿ, ಟೀ ಕುಡಿದು ಎದ್ದು ಹೋಗುವ ನೆಂಟನಾದರೆ, ಇದು ಹಾಸಿಗೆ ಸುತ್ತಿಕೊಂಡೇ ಬರುವ ನೆಂಟ. ಒಂದು ಹಾಡು ರೆಕಾರ್ಡಿನ ಒಂದು ಬದಿ ಪೂರ್ತಿ ತಿನ್ನುತ್ತದೆ. ತಾಳ ಈಗ ಇದ್ದದ್ದು ಇನ್ನೊಂದು ಗಳಿಗೆಗೆ ಇರುವುದಿಲ್ಲ. ನಡುವೆ ಗಾಳಿ ಬೀಸುತ್ತದೆ, ಯಾರೋ ಏನೋ ಪಿಸುಗುಟ್ಟುತ್ತಾರೆ, ಗಿಟಾರು ಬೆಟ್ಟ ಹತ್ತುತ್ತದೆ, ಇಳಿಯುತ್ತದೆ, ಮತ್ತೆ ಅದೇ ಬೆಟ್ಟ ಹತ್ತುತ್ತದೆ. ಇದನ್ನು ಕೇಳಿ ಕಣ್ಣೀರಿಡುವ ಜನ ಊರೂರಲ್ಲಿ ಇದ್ದಾರೆ. ಮನೆಗೆ ಮಾರಿ ಊರಿಗೆ ಉಪಕಾರಿ ಎನ್ನುವ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ಅವಳು ಹುಟ್ಟಿದ ಮನೆಯ ಹಿಂದಿನ ಕೋಣೆಯಲ್ಲಿ ಅಪ್ಪ ಗೋಡೆ ತುಂಬ ಮೊಟ್ಟೆಯ ಟ್ರೇ ಅಂಟಿಸಿ, ಮೈಕು ನಿಲ್ಲಿಸಿಕೊಂಡು ರೆಕಾರ್ಡಿಂಗ್ ಮಾಡುತ್ತಿದ್ದ. ಒಳಗಿನಿಂದ ಚಿಲಕ ಹಾಕಿದ್ದಾನೆ ಅಂದರೆ ಮನೆಯಲ್ಲಿ ಯಾರೂ ಜೋರಾಗಿ ಸೀನುವ ಹಾಗಿಲ್ಲ. ಮನೆ ನಡೆಯುತ್ತಿದ್ದದ್ದು ಅಮ್ಮನ ಹೊಲಿಗೆ ಮಿಷನ್ನಿನಿಂದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ, ಆ ಮಿಷನ್ನಿನ ದುಡಿಮೆಯಲ್ಲೇ ಗಿಟಾರಿಗೆ ಹೊಸ ತಂತಿ ಬರುತ್ತಿತ್ತು. ಸೂಜಿ ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಸ್ನಾನಕ್ಕೆಂದು ಕಾಯಿಸಿದ ಕುದಿಯುವ ನೀರಿನ ಹಂಡೆ ಅಮ್ಮನ ಬಲಗೈ ಮೇಲೆ ಮಗುಚಿತು. ಅಮ್ಮ ಅಡುಗೆಮನೆ ನೆಲದಲ್ಲಿ ಬಿದ್ದು ಹೊರಳಾಡಿದಳು. ಮಗು ಓಡಿಹೋಗಿ ಹಿಂದಿನ ಕೋಣೆಯ ಬಾಗಿಲು ಬಡಿಯಿತು, ಅಪ್ಪಾ ಅಪ್ಪಾ ಎಂದು ಗಂಟಲು ಹರಿಯುವಂತೆ ಕಿರುಚಿತು. ಬಾಗಿಲು ತೆರೆಯಲಿಲ್ಲ. ಕೊನೆಗೆ ಪಕ್ಕದ ಮನೆಗೆ ಓಡಿತು. ಅಮ್ಮನನ್ನು ಆಸ್ಪತ್ರೆಗೆ ಹೊತ್ತವರು ಪಕ್ಕದ ಮನೆಯವರು.

“ಹೆಡ್‌ಫೋನ್ ಹಾಕ್ಕೊಂಡಿದ್ದೆ ಕಣೇ, ಏನೂ ಕೇಳಿಸಲಿಲ್ಲ,” ಎಂದಿದ್ದ ಅಪ್ಪ ಸಂಜೆ ಆಸ್ಪತ್ರೆಗೆ ಬಂದು. ಅಮ್ಮ ನಂಬಿದಳು. ಬಲಗೈ ಬೆರಳು ಮುದುಡಿಕೊಂಡು ಹೊಲಿಗೆ ನಿಂತಾಗಲೂ ನಂಬಿದಳು. ಇನ್ನೂ ದೊಡ್ಡ ರೂಮು ಸಿಕ್ಕಿತೆಂದು ಆ ಮನುಷ್ಯ ಗಿಟಾರು ಎತ್ತಿಕೊಂಡು ಮನೆ ಬಿಟ್ಟು ಹೋದ ಮೇಲೂ ನಂಬಿದಳು. ಈಗ ಮಗಳ ಮನೆಯಲ್ಲಿ ಮೊಮ್ಮಕ್ಕಳ ತಲೆ ಬಾಚುತ್ತಾ ಇರುವ ಅಮ್ಮ, ಫೋನಿನ ಸುದ್ದಿ ಕೇಳಿದೊಡನೆ ಹೇಳಿದ್ದೂ ಅದನ್ನೇ.

“ಬರಲಿ ಬಿಡೇ. ಮನುಷ್ಯ ಕೆಟ್ಟವರಲ್ಲ. ಅವತ್ತು ಕೇಳಿಸಿದ್ದಿದ್ರೆ ಬರದೇ ಇರ್ತಿದ್ರಾ?”

“ಬಂದ್ರೆ ಅವನ ಊಟ, ಬಟ್ಟೆ, ಕಾಲಿಗೆ ಎಣ್ಣೆ ತಿಕ್ಕೋದು ಎಲ್ಲ ನಿನ್ನ ಈ ಕೈಗೇ ಬೀಳತ್ತೆ, ಗೊತ್ತಾ?”

“ಬೀಳಲಿ. ನನ್ನ ಕೈ ತಾನೇ?”

ಗಂಡನನ್ನು ಕೇಳಿದರೆ ಅವನು, “ನಿಮ್ಮಪ್ಪ, ನಿಮ್ಮಮ್ಮ, ನೀನು. ನಾನು ಲಿಫ್ಟ್ ರಿಪೇರಿಯವನು. ಮೇಲೆ ಅಂದ್ರೆ ಮೇಲೆ, ಕೆಳಗೆ ಅಂದ್ರೆ ಕೆಳಗೆ,” ಎಂದು ಜಾರಿಕೊಂಡ.

ಸೂಜಿಗೆ ತಲೆ ಕೆಟ್ಟುಹೋಯಿತು. ಬೇಡ ಎಂದರೆ ಅಮ್ಮ ಮುಖ ಸಣ್ಣ ಮಾಡಿಕೊಂಡು ಕೂರುತ್ತಾಳೆ. ಬಾ ಎಂದರೆ ತನ್ನ ಹೊಟ್ಟೆ ದಿನಾ ಉರಿಯುತ್ತದೆ. ಕೊನೆಗೆ ಒಂದು ತೀರ್ಮಾನಕ್ಕೆ ಬಂದಳು. ಎಲ್ಲ ಸಂಗೀತದಲ್ಲಿ ಹೇಳಿದ್ದೇನೆ ಅಂದನಲ್ಲ, ನೋಡಿಯೇ ಬಿಡೋಣ. ಆ ತೊಂಬತ್ತು ಚಿಲ್ಲರೆಯಲ್ಲಿ ಎಲ್ಲಾದರೂ ಒಂದು ಮೂಲೆಯಲ್ಲಿ ‘ತಪ್ಪಾಯಿತು’ ಅನ್ನುವಂಥದ್ದು ಏನಾದರೂ ಇದ್ದರೆ ಕೋಣೆ ಕೊಡುತ್ತೇನೆ. ಇಲ್ಲದಿದ್ದರೆ ಇಲ್ಲ.

ಮಾರನೇ ದಿನ ಮಧ್ಯಾಹ್ನ ಅವಳು ಹಳೇ ರೆಕಾರ್ಡ್ ಮಾರುವ ಅಂಗಡಿಯೊಂದನ್ನು ಹುಡುಕಿಕೊಂಡು ಹೋದಳು. ಒಳಗೆ ಅಂಗಡಿಯವನಲ್ಲದೆ ಇನ್ನಿಬ್ಬರು ಗಿರಾಕಿಗಳು ಕೆಲಸವಿಲ್ಲದೆ ಕೂತಿದ್ದರು. ಒಬ್ಬ ಹಲ್ಲಿನ ಡಾಕ್ಟರು, ಇನ್ನೊಬ್ಬ ಕಾಲೇಜು ಮೇಷ್ಟ್ರು. ಸೂಜಿ ಅಪ್ಪನ ಹೆಸರು ಹೇಳಿದಳು. ತಾನು ಮಗಳು ಎಂದು ಮಾತ್ರ ಹೇಳಲಿಲ್ಲ.

“ದೊಡ್ಡವರಾ!” ಎಂದು ಮೂವರೂ ಒಟ್ಟಿಗೆ ನೆಟ್ಟಗೆ ಕೂತರು. ಹೆಸರು ಹಿಡಿದು ಕರೆದದ್ದೇ ಅವರಿಗೆ ಅಪಚಾರವಾದಂತಿತ್ತು.

“ಹೂಂ, ಅವರನ್ನೇ. ಎಲ್ಲಿಂದ ಶುರು ಮಾಡ್ಲಿ?”

ಕೇಳಬಾರದಿತ್ತು. ಜೇನುಗೂಡಿಗೆ ಕಲ್ಲು ಹೊಡೆದಂತಾಯಿತು.

“ಮೊದಲನೇ ಆಲ್ಬಂನಿಂದ ಮಾತ್ರ ಬೇಡ,” ಎಂದರು ಮೇಷ್ಟ್ರು. “ಅದನ್ನ ಎಲ್ಲ ಕೇಳಿ ಮುಗಿದ ಮೇಲೆ ಕೇಳ್ಬೇಕು.”

“ಹಾಗಾದ್ರೆ ಕೊನೇದನ್ನ?”

“ಕೊನೇದನ್ನ ಕೇಳಲೇಬಾರದು.”

“ಹದಿನೆಂಟನೇದು,” ಎಂದರು ಹಲ್ಲಿನ ಡಾಕ್ಟರು. “ಅದರಲ್ಲಿ ಕೀಬೋರ್ಡ್ ಇಲ್ಲ. ಶುದ್ಧ.”

“ಅದು ಹಲ್ಲು ಕೀಳಿಸ್ಕೊಳ್ಳೋರು ಕೇಳೋದು ತಾಯಿ. ನೋವು ಮರೆಯೋಕೆ.”

“ನಿಮ್ಮ ಕ್ಲಾಸಿನ ಹುಡುಗ್ರಿಗೂ ಹಾಕಿ ಮೇಷ್ಟ್ರೇ, ಪಾಠದ ನೋವಾದ್ರೂ ಮರೀಲಿ.”

ಇಬ್ಬರೂ ಹೀಗೆ ಕಚ್ಚಾಡಿದ್ದು ಇವತ್ತೇ ಮೊದಲಲ್ಲವೆಂದು ಅಂಗಡಿಯವನ ಮುಖ ನೋಡಿದರೇ ತಿಳಿಯುತ್ತಿತ್ತು. ದೊಡ್ಡವರ ಮೊದಲ ಕಾಲಘಟ್ಟ ಅನ್ನುತ್ತಾರೆ, ನಡುಗಾಲ ಅನ್ನುತ್ತಾರೆ, ಗಡ್ಡ ಬಿಡುವ ಮುಂಚೆ, ಗಡ್ಡ ಬಿಟ್ಟ ಮೇಲೆ ಅನ್ನುತ್ತಾರೆ. ಕಟ್ಟಿಕೊಂಡ ಹೆಂಡತಿ ಯಾವ ವರ್ಷ ಯಾವ ಸೀರೆ ಉಟ್ಟಿದ್ದಳು ಎಂದು ಕೇಳಿದರೆ ಇಬ್ಬರೂ ಬಾಯಿ ಬಾಯಿ ಬಿಡುತ್ತಾರೆ, ಸೂಜಿಗೆ ಅನುಮಾನವೇ ಇರಲಿಲ್ಲ. ಅವಳು ಹೋಗಲು ಎದ್ದಾಗ ಅಂಗಡಿಯವನು ತಡೆದ.

“ನಮ್ಮಲ್ಲೊಂದು ಪದ್ಧತಿ ಇದೆ ಮೇಡಂ. ಹೊಸಬರು ಬಂದ್ರೆ ಆ ಕುರ್ಚೀಲಿ ಕೂರಿಸಿ ಒಂದೇ ಒಂದು ಬದಿ ಹಾಕ್ತೀವಿ. ನಾಲ್ಕನೇ ಆಲ್ಬಂನ ಎರಡನೇ ಬದಿ. ಮಾತಾಡಬಾರದು. ಒಂದು ಜಾಗ ಬರತ್ತೆ. ಅಲ್ಲಿ ನಿಮ್ಮ ಹುಬ್ಬು ಮೇಲೆ ಹೋದ್ರೆ ನೀವು ನಮ್ಮವರು. ಹೋಗದಿದ್ರೆ ಸಿನಿಮಾ ಹಾಡು ಕೇಳ್ಕೊಂಡು ಆರಾಮಾಗಿರಿ.”

ದೊಡ್ಡ ದೊಡ್ಡ ಮನುಷ್ಯರು ಕೆಲಸ ಬೊಗಸೆ ಬಿಟ್ಟು ಕಂಡವರ ಹುಬ್ಬು ನೋಡುತ್ತಾ ಕೂರುವುದುಂಟೇ! ಆದರೂ ಸೂಜಿ ಕೂತಳು. ಕುರ್ಚಿಯ ಪಟ್ಟಿ ಸಡಿಲವಾಗಿ, ಒಂದು ಸ್ಪ್ರಿಂಗು ತೊಡೆಗೆ ಒತ್ತುತ್ತಿತ್ತು. ಇವರಿಗೆ ಕಿವಿ ಇದೆ, ಕುಂಡಿ ಇಲ್ಲ ಎಂದುಕೊಂಡಳು. ಅಂಗಡಿಯವನು ರೆಕಾರ್ಡನ್ನು ಕವರಿನಿಂದ ತೆಗೆದು, ಧೂಳು ಒರೆಸಿ, ಮುಳ್ಳನ್ನು ಮೆಲ್ಲಗೆ ಇಳಿಸಿದ. ಮೂವರೂ ಎದುರಿಗೆ ಬೆಂಚಿನ ಮೇಲೆ ಸಾಲಾಗಿ ಕೂತು ಅವಳ ಹಣೆಯನ್ನೇ ನೋಡತೊಡಗಿದರು.

ಗಾಳಿ ಬೀಸಿತು. ಗಿಟಾರು ಬೆಟ್ಟ ಹತ್ತಿತು, ಇಳಿಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎನ್ನುತ್ತಾರಲ್ಲ, ಸೂಜಿ ತನ್ನನ್ನೇ ಕೋಣವೆಂದು ಒಪ್ಪಿಕೊಂಡು ಕೂತಿದ್ದಳು. ಆಕಳಿಕೆ ಬಂತು. ಎಲ್ಲಾ ವಾದ್ಯಗಳೂ ಒಂದೊಂದಾಗಿ ಸುಮ್ಮನಾಗಿ ಗಿಟಾರೊಂದೇ ಉಳಿಯಿತು. ಆಗ ದೂರದಿಂದೆಂಬಂತೆ ಧಡ್ ಧಡ್ ಎಂದು ಬಡಿತ ಶುರುವಾಯಿತು. ಬಡಿಯಿತು, ನಿಂತಿತು, ಇನ್ನೂ ಜೋರಾಗಿ ಬಡಿಯಿತು. ಬಡಿತದ ಹಿಂದೆ ತೆಳ್ಳಗೆ, ಎಳೆಯಾಗಿ, ಏನೋ ಒಂದು ದನಿ ಎದ್ದು ಎದ್ದು ಬೀಳುತ್ತಿತ್ತು.

ಸೂಜಿ ನೆಟ್ಟಗೆ ಕೂತಳು. ಆ ದನಿ ಅವಳ ಗಂಟಲಿಗೆ ಗೊತ್ತಿತ್ತು.

“ಹೋಯ್ತು ಹುಬ್ಬು!” ಎಂದು ಡಾಕ್ಟರು ಮೇಷ್ಟ್ರ ತೊಡೆ ತಟ್ಟಿದರು. ಪರೀಕ್ಷೆ ಪಾಸಾಯಿತಲ್ಲ, ಇನ್ನು ಮಾತಾಡಬಹುದು. ಇಬ್ಬರೂ ಒಟ್ಟಿಗೆ ಬಾಯಿ ಬಿಟ್ಟರು.

“ಈ ಬಡಿತ ಇದೆಯಲ್ಲ, ಇದು ವಿಧಿಯ ಕರೆ,” ಎಂದರು ಮೇಷ್ಟ್ರು. “ಏಳರ ತಾಳ, ಆಮೇಲೆ ಐದು, ಆಮೇಲೆ ಎಣಿಕೆಗೇ ಸಿಗಲ್ಲ. ಇದೊಂದನ್ನ ಕೂಡಿಸೋಕೆ ತಿಂಗಳುಗಟ್ಟಲೆ ನಿದ್ದೆಗೆಟ್ಟೆ ಅಂತ ದೊಡ್ಡವರೇ ಹೇಳಿದಾರೆ.”

“ಹಿಂದಿನ ಆ ಎಳೆ ಪಿಟೀಲು,” ಎಂದರು ಡಾಕ್ಟರು.

“ಕೊಳಲು.”

“ಪಿಟೀಲು ಸ್ವಾಮಿ! ಇಷ್ಟು ವರ್ಷದಿಂದ ಹೇಳ್ತಿದೀನಿ. ಹೋಗ್ಲಿ, ಗಿಟಾರ್ ನೋಡಿ ಮೇಡಂ. ಬಡಿತಕ್ಕೆ ಕಾಯತ್ತೆ. ಬಡಿತ ಬಂದ್ರೆ ಇದು ದನಿ ತಗ್ಗಿಸಿ ಜಾಗ ಬಿಡತ್ತೆ. ಅದು ಜೋರಾದ್ರೆ ಇದೂ ಜೋರು. ಈಗ ಕೇಳಿ, ಬಡಿತ ನಿಂತುಹೋಯ್ತಾ? ಗಿಟಾರ್ ಅದೇ ತಾಳ ನುಡಿಸಿ ಕರೀತಿದೆ. ಬಾ, ಇನ್ನೊಂದ್ಸಲ ಬಡಿ ಅಂತ ಕರೀತಿದೆ. ಮೈ ಜುಮ್ಮೆನ್ನಲ್ವಾ?”

ಬಡಿತ ನಿಂತದ್ದು ಮಗು ಪಕ್ಕದ ಮನೆಗೆ ಓಡಿದ್ದರಿಂದ. ಸೂಜಿ ಅದನ್ನು ಹೇಳಲಿಲ್ಲ. ಅಂಗಡಿಯವನ ಕಡೆ ತಿರುಗಿ ಬೇರೆಯದನ್ನೇ ಕೇಳಿದಳು.

“ರೆಕಾರ್ಡ್ ಮಾಡೋವಾಗ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡಿದ್ರೆ ಇಂಥ ಶಬ್ದ ಕೇಳಿಸತ್ತಾ?”

“ಒಳ್ಳೇ ಪ್ರಶ್ನೆ!” ಎಂದು ಅಂಗಡಿಯವನು ಉಬ್ಬಿದ. “ಬರಿ ಕಿವಿಗಿಂತ ಚೆನ್ನಾಗಿ ಕೇಳಿಸತ್ತೆ ಮೇಡಂ. ಮೈಕಿಗೆ ಬಿದ್ದದ್ದೆಲ್ಲ ನೇರ ಹೆಡ್‌ಫೋನಿಗೇ ಬರತ್ತಲ್ಲ. ಕೇಳಿಸದೇ ಇಷ್ಟು ಕರಾರುವಾಕ್ಕಾಗಿ ನುಡಿಸೋಕಾಗತ್ತಾ?”

ಸೂಜಿಗೆ ನಗು ಬಂತು. ತಡೆಯಲಾರದ ನಗು. ಬಾಯಿಗೆ ಸೆರಗು ಒತ್ತಿಕೊಂಡರೂ ನಿಲ್ಲದೆ, ಕಣ್ಣಲ್ಲಿ ನೀರು ಸುರಿದು, ಕುರ್ಚಿಯ ಸ್ಪ್ರಿಂಗು ಕಿರುಗುಟ್ಟುವಷ್ಟು ನಕ್ಕಳು. ನಗುವೋ ಅಳುವೋ ಅವಳಿಗೇ ಗೊತ್ತಾಗಲಿಲ್ಲ. ಕ್ಷಮೆ ಹುಡುಕಿಕೊಂಡು ಬಂದಿದ್ದಳಂತೆ! ತಾಯಿ ನೆಲದಲ್ಲಿ ಹೊರಳುತ್ತಿದ್ದಾಗ ತಾನು ಕೂಗಿದ ಕೂಗಿಗೆ ಈ ಮನುಷ್ಯ ಪಕ್ಕವಾದ್ಯ ನುಡಿಸಿದ್ದ. ಅದನ್ನು ಇಬ್ಬರು ಗಂಡಸರು ಕೊಳಲೋ ಪಿಟೀಲೋ ಎಂದು ವರ್ಷಾನುಗಟ್ಟಲೆ ಕಚ್ಚಾಡಿದ್ದರು. ಥೂ, ಇವರ ಕಿವಿಗಿಷ್ಟು ಎನ್ನಿಸಿತು ಅವಳಿಗೆ.

“ನಗೋರಿಗೆ ಇಲ್ಲಿ ಜಾಗ ಇಲ್ಲ ತಾಯಿ,” ಎಂದರು ಮೇಷ್ಟ್ರು ಮುಖ ಗಂಟಿಕ್ಕಿ.

“ಒಂದೇ ಹೇಳಿ ಸಾರ್. ಕೊನೇಲಿ ಬಾಗಿಲು ತೆಗೀತಾನಾ?”

“ಬಾಗಿಲಾ? ಯಾವ ಬಾಗಿಲಮ್ಮ? ಅದು ತಾಳ!”

ಅವಳು ಕಣ್ಣೊರೆಸಿಕೊಂಡು ಹೊರಗೆ ಬಂದಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಅಪ್ಪನನ್ನು ಬಾಯಿಗೆ ಬಂದಂತೆ ಬೈದಳು. ಎದುರಿಗೆ ಬಂದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಆದರೆ ಮನೆ ಹತ್ತಿರವಾದಂತೆ ಬೈಗುಳ ಕಮ್ಮಿಯಾಗಿ ಹೊಸ ಸಂಕಟ ಶುರುವಾಯಿತು. ಅಮ್ಮನಿಗೆ ಹೇಳುವುದು ಹೇಗೆ? ಹೇಳಿದರೆ ಕೋಣೆಯ ತಂಟೆ ಅಲ್ಲಿಗೆ ಮುಗಿಯುತ್ತದೆ, ನಿಜ. ಆದರೆ ಅಮ್ಮ ಇಷ್ಟು ವರ್ಷ ಅಂಟಿಕೊಂಡು ಬದುಕಿದ್ದು ಆ ಒಂದು ಮಾತಿಗೆ. ಅವರಿಗೆ ಕೇಳಿಸಲಿಲ್ಲ, ಪಾಪ. ಅದನ್ನೂ ಕಿತ್ತುಕೊಂಡರೆ ಮುದುಕಿಗೆ ಉಳಿಯುವುದೇನು? ಬೇಡ. ಭಾನುವಾರ ತಾನೇ ಕೆಟ್ಟವಳಾಗಿ ಕೋಣೆ ಇಲ್ಲ ಎಂದುಬಿಡುವುದು, ಅಮ್ಮ ತನ್ನ ಮೇಲೆ ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಸೂಜಿ ಬಾಯಿಗೆ ಬೀಗ ಹಾಕಿಕೊಂಡಳು. ಜನ್ಮದಲ್ಲಿ ಅವಳು ಹಾಗೆ ಮಾಡಿದ್ದು ಅದೇ ಮೊದಲು.

ಭಾನುವಾರ ಅಮ್ಮ ಬೆಳಿಗ್ಗೆಯೇ ಹಿಂದಿನ ಕೋಣೆಯನ್ನು ಎಡಗೈಯಲ್ಲಿ ಗುಡಿಸಿ ಒರೆಸಿದಳು. ತಲೆ ಬಾಚಿಕೊಂಡಳು. ಅಪ್ಪ ಗಿಟಾರಿನ ಪೆಟ್ಟಿಗೆ ಹಿಡಿದುಕೊಂಡೇ ಬಂದ. ಬಟ್ಟೆಯ ಚೀಲ ಮರೆತು ಬಂದಿದ್ದ. ಮುದುಕನಾಗಿದ್ದ, ಮುಖ ಇಳಿದುಹೋಗಿತ್ತು. ಅಷ್ಟರ ಮಟ್ಟಿಗೆ ಸೂಜಿಗೂ ಅಯ್ಯೋ ಎನ್ನಿಸಿತು. ಅವನು ಚಪ್ಪಲಿ ಬಿಟ್ಟವನೇ ನೇರ ಹಿಂದಿನ ಕೋಣೆಗೆ ಹೋಗಿ, ಮಧ್ಯದಲ್ಲಿ ನಿಂತು, ಚಪ್ಪಾಳೆ ತಟ್ಟಿ, ಗೋಡೆಗೆ ಕಿವಿ ಕೊಟ್ಟ.

“ಪ್ರತಿಧ್ವನಿ ಇದೆ. ಗೋಡೆಗೆ ಸ್ಪಂಜು ಹೊಡೆಸಿದ್ರೆ ಸರಿಹೋಗತ್ತೆ. ಹೇಗೂ ನಿನ್ನ ಹತ್ರ ದಂಡಿಯಾಗಿ ಇರತ್ತಲ್ಲ,” ಎಂದ ಮಗಳಿಗೆ. ಅಯ್ಯೋ ಎನ್ನಿಸಿದ್ದು ಅಲ್ಲಿಗೆ ಮುಗಿಯಿತು.

ಅಮ್ಮ ಟೀ ತಂದಳು. ಸೊಟ್ಟ ಬೆರಳುಗಳ ಮೇಲೆ ತಟ್ಟೆ ಕೂರಿಸಿಕೊಂಡು, ಎಡಗೈ ಆಸರೆ ಕೊಟ್ಟು, ತುಳುಕಿಸದೆ ತಂದಳು. ಅವನು ಕೈ ನೋಡಲಿಲ್ಲ, ಟೀ ತೆಗೆದುಕೊಂಡ.

“ಕೇಳಿದೆಯಾ ನನ್ನದು? ಎಲ್ಲಿಂದ ಶುರು ಮಾಡಿದೆ?”

“ಅದೆಲ್ಲ ಆಮೇಲೆ ಅಪ್ಪ. ಕೋಣೆ ವಿಷಯ ಮಾತಾಡೋಣ.”

“ಅಲ್ಲಮ್ಮ, ಹೇಳು. ಯಾವುದು?”

“ನಾಲ್ಕನೇದು. ಎರಡನೇ ಬದಿ. ರೆಕಾರ್ಡ್ ಅಂಗಡೀಲಿ ಹಾಕಿದ್ರು,” ಎಂದಳು ಸೂಜಿ. ಹೇಳುವಾಗ ಕಣ್ಣಲ್ಲೇ ಅವನಿಗೆ ಎಚ್ಚರಿಕೆ ಕೊಟ್ಟಳು. ಕಣ್ಣಿನ ಭಾಷೆ ತಿಳಿಯುವವನಾಗಿದ್ದರೆ ಅವನ ಸಂಸಾರ ಬೇರೆಯೇ ಆಗಿರುತ್ತಿತ್ತು.

ಅವನ ಮುಖ ಊರಗಲವಾಯಿತು. “ಗುರುತು ಸಿಕ್ತಾ ನಿಂಗೆ?”

“ಅಪ್ಪಾ, ಸಾಕು.”

“ಸಾಕೇನು? ಹೇಳ್ಬೇಕಾದ್ದೆಲ್ಲ ಅಲ್ಲಿದೆ ಅಂದಿದ್ದು ಅದಕ್ಕೇ ಕಣೇ!” ಎಂದವನು ಅಮ್ಮನ ಕಡೆ ತಿರುಗಿದ. “ನಿನಗೂ ಯಾವತ್ತೂ ಹೇಳಿಲ್ಲ ನೋಡು. ಅವತ್ತು, ನಿನ್ನ ಕೈ ಸುಟ್ಟ ದಿನ, ಇವಳು ಬಾಗಿಲು ಬಡಿದಳಲ್ಲ, ಅದು ಹಾಗೇ ಮೈಕಿಗೆ ಬಿತ್ತು. ಎಂಥಾ ತಾಳ ಅಂತೀಯ! ಕಲಿಸಿದ್ರೂ ಬರಲ್ಲ ಅಂಥದ್ದು. ಎದ್ದು ಹೋಗೋಕೆ ಮನಸ್ಸೇ ಬರಲಿಲ್ಲ. ಎದ್ದಿದ್ರೆ ಹಾಳಾಗ್ತಿತ್ತು. ನನ್ನ ಇಡೀ ಜೀವಮಾನದ ಕೆಲಸದಲ್ಲಿ ಅಷ್ಟು ಚೆನ್ನಾಗಿರೋದು ಇನ್ನೊಂದಿಲ್ಲ. ಇವತ್ತಿಗೂ ಜನ ಕೇಳ್ತಾರೆ.”

ಅಮ್ಮ ಖಾಲಿ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು.

“ಹಾಗಾದ್ರೆ ಕೇಳಿಸ್ತಿತ್ತಾ ನಿಮಗೆ?”

“ಕೇಳಿಸದೇ ಏನು? ಕಿವಿ ಒಳಗೇ ಬಡಿದ ಹಾಗಿತ್ತು!” ಎಂದ ಅವನು, ಇನ್ನೂ ಅದೇ ಹಿಗ್ಗಿನಲ್ಲಿ.

ಸೂಜಿ ಅಮ್ಮನ ಹತ್ತಿರ ಹೋಗಿ ನಿಂತಳು. ಅಮ್ಮ ಅವಳನ್ನು ನೋಡಲಿಲ್ಲ, ಗಂಡನನ್ನೇ ನೋಡುತ್ತಿದ್ದಳು.

“ಇವಳು ಹೈಸ್ಕೂಲಲ್ಲಿದ್ದಾಗ ಒಂದ್ಸಲ, ಅಪ್ಪ ಬೇಕಂತಲೇ ಬಾಗಿಲು ತೆಗೀಲಿಲ್ಲ ಅಂದ್ಲು,” ಎಂದಳು ಅಮ್ಮ. “ಈ ಕೈಯಲ್ಲೇ ಕೆನ್ನೆಗೆ ಹೊಡೆದಿದ್ದೆ. ನಿಮ್ಮ ಪರವಾಗಿ. ಟೀ ಕುಡಿದಾಯ್ತಾ?”

“ಇನ್ನೂ ಸ್ವಲ್ಪ ಇದೆ.”

“ಇಟ್ಟು ಹೊರಡಿ.”

“ಅಲ್ವೇ, ಅದು ಎಷ್ಟೋ ವರ್ಷದ ಮಾತು, ಈಗ ಅದನ್ನ ಹಿಡ್ಕೊಂಡು...”

“ಹೊರಡಿ ಅಂದೆ. ಈಗಲಾದ್ರೂ ಕೇಳಿಸ್ತಾ?”

ಅವನು ಮಗಳ ಮುಖ ನೋಡಿದ, ಅಲ್ಲಿ ಏನೂ ಸಿಗಲಿಲ್ಲ. ಲೋಟ ಕೆಳಗಿಟ್ಟು ಎದ್ದ. ಸೂಜಿ ಗಿಟಾರಿನ ಪೆಟ್ಟಿಗೆ ಎತ್ತಿಕೊಂಡು ಅವನ ಹಿಂದೆ ಬಾಗಿಲ ತನಕ ಬಂದಳು. ಊದಿದ ಕಾಲಿಗೆ ಚಪ್ಪಲಿ ಏರಿಸಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಈಗಲಾದರೂ ಒಂದು ಮಾತು ಆಡಿಯಾನು ಎಂದು, ನಾಚಿಕೆಗೆಟ್ಟು, ಅವಳು ಕಾದಳು.

ಅವನು ಪೆಟ್ಟಿಗೆ ತೆಗೆದುಕೊಂಡು ಎರಡು ಮೆಟ್ಟಿಲಿಳಿದು ನಿಂತ. ಒಳಗೆ ಅಮ್ಮನಿಗೆ ಕೇಳಿಸದಂತೆ ದನಿ ತಗ್ಗಿಸಿದ.

“ಅಲ್ಲಮ್ಮ, ಆ ಜಾಗ ಬಂದಾಗ... ಅಂಗಡಿಯವರು ಏನಂದ್ರು?”

ಸೂಜಿಗೆ ಚುಚ್ಚುವಂಥ ಮಾತು ನೂರಿದ್ದವು. ಒಂದೂ ಬೇಕೆನ್ನಿಸಲಿಲ್ಲ.

“ಮೈ ಜುಮ್ಮೆನ್ನತ್ತೆ ಅಂದ್ರು.”

“ಹೌದಾ?” ಎಂದ ಅವನು. ಇಳಿದಿದ್ದ ಮುಖ ಅರಳಿತು. ಇರಲು ಮನೆಯಿಲ್ಲದ ಮುದುಕ, ಹಬ್ಬಕ್ಕೆ ಹೊರಟವನ ಹಾಗೆ ಮೆಟ್ಟಿಲಿಳಿದು ಹೋದ. ಸೂಜಿ ಬಾಗಿಲು ಹಾಕಿ ಒಳಗೆ ಬಂದಾಗ ಅಮ್ಮ ಅದೇ ಜಾಗದಲ್ಲಿ ಕೂತಿದ್ದಳು. ಮಗಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಸೊಟ್ಟ ಬೆರಳುಗಳಿಂದ ಅವಳ ಕೆನ್ನೆ ಸವರುತ್ತಾ, ಎಷ್ಟೋ ಹೊತ್ತು ಹಾಗೇ ಇದ್ದಳು.